ಯಾರಿಗೆ ಕಟ್ಟುತ್ತೀರಿ ಅಂತ ಮೊದಲು ಹೇಳಿ, ನೋಂದಣಿ ಆಮೇಲೆ

ದಸರಾ ಕಳೆದು ಒಂದೆರಡು ವಾರ ಆಗುತ್ತಿದ್ದಂತೆ ನನ್ನ ಕಚೇರಿಗೆ ಹೊಸ ಗುತ್ತಿಗೆದಾರರು ಬರತೊಡಗುತ್ತಾರೆ. ಆಯುಧ ಪೂಜೆಗೆ ಮಿಕ್ಸರ್‌ಗೆ ಹೂವು ಹಾಕಿದ ಹುಮ್ಮಸ್ಸು ಇನ್ನೂ ಇರುತ್ತದೆ. ಮಳೆ ನಿಂತಿರುತ್ತದೆ, ಪಾಯ ತೆಗೆಯುವ ಕಾಲ. ಹದಿನೈದು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಸ್ತ್ರಿ, ಡಿಪ್ಲೊಮಾ ಮುಗಿಸಿ ಸೈಟ್ ಎಂಜಿನಿಯರ್ ಆಗಿದ್ದ ಹುಡುಗ, ಸೆಂಟ್ರಿಂಗ್ ಶೀಟು ಬಾಡಿಗೆಗೆ ಕೊಡುತ್ತಿದ್ದವರು, ಎಲ್ಲರೂ ಕೇಳುವುದು ಒಂದೇ ಮಾತು: "ಮೇಡಂ, ಕನ್‌ಸ್ಟ್ರಕ್ಷನ್ ಅಂತ ಒಂದು ರಿಜಿಸ್ಟ್ರೇಷನ್ ಮಾಡಿಸಿಕೊಡಿ."

ಅಂಥದ್ದೊಂದು ರಿಜಿಸ್ಟ್ರೇಷನ್ ಇಲ್ಲ. ಇರುವುದು ಏಳೆಂಟು ಬೇರೆ ಬೇರೆ ನೋಂದಣಿಗಳು. ಅದರಲ್ಲಿ ಕೆಲವು ಎಲ್ಲರಿಗೂ ಬೇಕು, ಕೆಲವು ನಿಮಗೆ ಬೇಡವೇ ಬೇಡ. ದಾವಣಗೆರೆಯಲ್ಲಿ ಲೆಕ್ಕಪರಿಶೋಧಕಿಯಾಗಿ ಹದಿನೆಂಟು ವರ್ಷ ಕೂತು ನೋಡಿದ್ದೇನೆ: ನೋಂದಣಿ ಇಲ್ಲದೆ ಸೋತವರಷ್ಟೇ ಜನ, ಬೇಡದ ನೋಂದಣಿಯನ್ನು ಮೊದಲೇ ಮಾಡಿಸಿಕೊಂಡು ಸೋತಿದ್ದಾರೆ. ಹಾಗಾಗಿ ನಾನು ಮೊದಲು ಕೇಳುವುದು ಆಧಾರ್, ಪ್ಯಾನ್ ಅಲ್ಲ. "ಯಾರಿಗೆ ಕಟ್ಟುತ್ತೀರಿ? ಮನೆ ಮಾಲೀಕರಿಗಾ, ದೊಡ್ಡ ಬಿಲ್ಡರ್ ಕೈಕೆಳಗಾ, ಸರ್ಕಾರಕ್ಕಾ?" ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಒಬ್ಬ ಮೇಸ್ತ್ರಿಯ ಕಥೆ ಹೇಳುತ್ತೇನೆ. ಅವರು ಮಾಡುತ್ತಿದ್ದುದು ಲೇಬರ್ ಕಾಂಟ್ರ್ಯಾಕ್ಟ್. ಸಿಮೆಂಟು, ಕಬ್ಬಿಣ, ಮರಳು ಎಲ್ಲ ಮಾಲೀಕರದ್ದು, ಇವರದ್ದು ಆಳು ಮಾತ್ರ. ಒಂದೊಂದೇ ಬಿಡಿ ಮನೆಯನ್ನು ಹೊಸದಾಗಿ ಕಟ್ಟುವ ಇಂಥ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬೇರೆ ಕೆಲಸ ಇಲ್ಲದಿದ್ದರೆ ನೋಂದಣಿಯೂ ಬೇಕಿಲ್ಲ. ಆದರೆ ಯಾರೋ "ಮುಂದೆ ಟೆಂಡರ್‌ಗೆ ಆಗುತ್ತೆ, ತಗೊಂಡಿಟ್ಟಿರಿ" ಅಂದರು, ಇವರು ತಗೊಂಡರು. ಮುಂದಿನ ವರ್ಷ ಮೊದಲ ಸಲ ಮಟೀರಿಯಲ್ ಸಮೇತ ಒಂದು ಮನೆ ಒಪ್ಪಿಕೊಂಡರು. 15 ಚದರದ ಮನೆ, ಚದರಕ್ಕೆ 2 ಲಕ್ಷ, ಒಟ್ಟು 30 ಲಕ್ಷ. "ಎಲ್ಲಾ ಸೇರಿ ಇಷ್ಟೇ" ಅಂತ ಮಾಲೀಕರು ಬಿಳಿ ಹಾಳೆಯ ಮೇಲೆ ಬರೆಸಿಕೊಂಡಿದ್ದರು. ತೆರಿಗೆಯ ಮಾತೇ ಇಲ್ಲ.

ಮಟೀರಿಯಲ್ ಸಮೇತ ಕಟ್ಟಿಕೊಟ್ಟರೆ ಅದು ವರ್ಕ್ಸ್ ಕಾಂಟ್ರ್ಯಾಕ್ಟ್, ಅದಕ್ಕೆ ಶೇ. 18 ತೆರಿಗೆ. ನೋಂದಣಿ ಇದ್ದ ಮೇಲೆ ಮೊದಲ ರೂಪಾಯಿಯಿಂದಲೇ ಲೆಕ್ಕ. ಎಲ್ಲಾ ಸೇರಿದ 30 ಲಕ್ಷದಲ್ಲಿ ತೆರಿಗೆಯ ಪಾಲು ಸುಮಾರು 4 ಲಕ್ಷ 57 ಸಾವಿರ. ಸಿಮೆಂಟು, ಕಬ್ಬಿಣ ಕೊಂಡಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯಬಹುದಿತ್ತು. ಆದರೆ ಅಂಗಡಿಯವರು ಬಿಲ್ ಹಾಕಿದ್ದು ಮನೆ ಮಾಲೀಕರ ಹೆಸರಿಗೆ. ಮರಳು, ಜೆಲ್ಲಿಗೆ ಬಿಲ್ಲೇ ಇಲ್ಲ. ಏಳು ತಿಂಗಳು ಬಿಸಿಲಲ್ಲಿ ನಿಂತು ಉಳಿಸಿದ ಲಾಭಕ್ಕಿಂತ ತೆರಿಗೆಯೇ ಜಾಸ್ತಿ ಆಯಿತು. ಅವರು ನನ್ನ ಮೇಜಿನ ಎದುರು ಕೂತು ಆ ಬಿಳಿ ಹಾಳೆಯನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದರು. ಆ ಹಾಳೆ ನನಗೆ ಇವತ್ತಿಗೂ ನೆನಪಿದೆ.

ಆದ್ದರಿಂದ ಮನೆ ಕಟ್ಟುವವರು ಇಷ್ಟು ನೆನಪಿಡಿ. ಕಟ್ಟಡ ಗುತ್ತಿಗೆ ಜಿಎಸ್‌ಟಿ ಲೆಕ್ಕದಲ್ಲಿ ಸೇವೆ. ಸರಕು ಮಾರುವವರಿಗೆ ಇರುವ 40 ಲಕ್ಷದ ಮಿತಿ ನಮಗಿಲ್ಲ. ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಈಗಿನ ದರದಲ್ಲಿ ಮಟೀರಿಯಲ್ ಸಮೇತ ಒಂದೇ ಮನೆ ಕಟ್ಟಿದರೂ 20 ಲಕ್ಷ ದಾಟುತ್ತದೆ ಅಲ್ವಾ? ಹಾಗಾಗಿ ಅಂಥ ಕೆಲಸ ಒಪ್ಪಿಕೊಳ್ಳುವ ದಿನವೇ ಕೊಟೇಷನ್‌ನಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಬರೆಯಿರಿ. ಅಂಗಡಿಯಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟು ನಿಮ್ಮ ಹೆಸರಿಗೇ ಬಿಲ್ ಹಾಕಿಸಿ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ಎಸ್ಟಿಮೇಟ್ ಹಾಳೆಯನ್ನೇ ನಕಲು ಮಾಡಿ ದರ ಹೇಳುತ್ತಿದ್ದರೆ ಒಮ್ಮೆ ತಿದ್ದಿಕೊಳ್ಳಿ. ಮಾಲೀಕರು ಕೊಡುವ ಅಡ್ವಾನ್ಸ್‌ಗೂ ಅದು ಬಂದ ತಿಂಗಳಲ್ಲೇ ತೆರಿಗೆ ಬೀಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ.

ಅಂದಹಾಗೆ, ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಅರ್ಜಿ ತಿರಸ್ಕಾರ ಆಗುವುದು ಹೆಚ್ಚಾಗಿ ವಿಳಾಸದ ದಾಖಲೆಯಿಂದ. ಬಾಡಿಗೆ ಕರಾರಿನಲ್ಲಿ ಒಂದು ಹೆಸರು, ಕರೆಂಟ್ ಬಿಲ್‌ನಲ್ಲಿ ತೀರಿಹೋದ ತಾತನ ಹೆಸರು. ಅರ್ಜಿಗೆ ಮುಂಚೆ ಅದನ್ನು ಸರಿಮಾಡಿಸಿ. ನಂಬರ್ ಸಿಕ್ಕ ಮೇಲೆ ಅದನ್ನು ಕಚೇರಿಯ ಬೋರ್ಡಿನ ಮೇಲೆ ಬರೆಸಬೇಕು. ಕೆಲಸ ಇಲ್ಲದ ತಿಂಗಳಲ್ಲೂ ರಿಟರ್ನ್ ಹಾಕಬೇಕು.

ಇನ್ನು ಇಬ್ಬರು ಸೇರಿ ಶುರುಮಾಡುವವರು. ಈ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಒಬ್ಬರಿಗೆ ಕೆಲಸ ಗೊತ್ತು, ಇನ್ನೊಬ್ಬರ ಹತ್ತಿರ ದುಡ್ಡಿದೆ. ಇಲ್ಲವೇ ಭಾವ-ಬಾಮೈದ. ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿ, ನೋಟರಿ ಸೀಲು ಹಾಕಿಸಿ, ಅದರ ಮೇಲೆ ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ ಎಲ್ಲ ಮಾಡಿಸುತ್ತಾರೆ. ಎಲ್ಲವೂ ಸಿಗುತ್ತದೆ. ಹಾಗಾಗಿ ಫರ್ಮ್ ರಿಜಿಸ್ಟರ್ ಆಗಿದೆ ಎಂದೇ ನಂಬುತ್ತಾರೆ. ಆಗಿರುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮಿನ ನೋಂದಣಿಯೇ ಬೇರೆ. ಅದು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ಆಗಬೇಕು. ನಮ್ಮಲ್ಲಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ. ಆದರೆ 69ನೇ ಕಲಂ ಹೇಳುತ್ತದೆ: ನೋಂದಣಿ ಆಗದ ಫರ್ಮ್ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ.

ನನ್ನ ಹತ್ತಿರ ಬಂದ ಇಬ್ಬರು ಗೆಳೆಯರಿಗೆ ಇದು ತಿಳಿದದ್ದು ವಕೀಲರ ಕಚೇರಿಯಲ್ಲಿ. ಒಂದು ಕಲ್ಯಾಣ ಮಂಟಪಕ್ಕೆ ಊಟದ ಹಾಲ್ ಕಟ್ಟಿಕೊಟ್ಟಿದ್ದರು. 9 ಲಕ್ಷ ಬಾಕಿ. ಮಾಲೀಕರು "ನೆಲಕ್ಕೆ ಸ್ಲೋಪ್ ಸರಿಯಿಲ್ಲ" ಅಂತ ಎಳೆಯುತ್ತಲೇ ಇದ್ದರು. ವಕೀಲರು ಫರ್ಮ್ ನೋಂದಣಿ ಪ್ರಮಾಣಪತ್ರ ಕೇಳಿದರು. ಇವರು ಜಿಎಸ್‌ಟಿ ಪತ್ರ ತೋರಿಸಿದರು. ದಾವೆ ಹಾಕುವ ದಿನಕ್ಕೆ ಫರ್ಮಿನ ನೋಂದಣಿ ಆಗಿರಬೇಕು, ದಾವೆ ಹಾಕುವ ಪಾಲುದಾರರ ಹೆಸರು ಆ ರಿಜಿಸ್ಟರ್‌ನಲ್ಲಿ ಇರಬೇಕು. ಬಾಕಿ ವಸೂಲಿಗೆ ಕಾಲಮಿತಿ 3 ವರ್ಷ, ಅದರಲ್ಲಿ ಎರಡೂವರೆ ವರ್ಷ ಆಗಲೇ ಓಡಾಟದಲ್ಲಿ ಹೋಗಿತ್ತು. ಓಡಿ ನೋಂದಣಿ ಮಾಡಿಸಿ, ಉಳಿದ ತಿಂಗಳಲ್ಲಿ ದಾವೆ ಹಾಕಿ, ಕೊನೆಗೆ ರಾಜಿಯಲ್ಲಿ ಐದೂವರೆ ಲಕ್ಷ ಸಿಕ್ಕಿತು. ಮೂರೂವರೆ ಲಕ್ಷ ಹೋಯಿತು. ಮೊದಲೇ ಒಂದು ಅರ್ಜಿ, ಸಣ್ಣ ಶುಲ್ಕದಲ್ಲಿ ಮುಗಿಯುವ ಕೆಲಸ ಇದು. ಪಾಲುದಾರರು ಬದಲಾದರೆ ಅದನ್ನೂ ಅಲ್ಲಿ ದಾಖಲಿಸಿ.

ಒಬ್ಬರೇ ಮಾಡುವುದಾದರೆ ಸ್ವಂತ ಹೆಸರಿನ ವ್ಯವಹಾರ ಸಾಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪ್ಯಾನೇ ಅದರ ಪ್ಯಾನ್. ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಮಾಡಿಸಲು ಬರುವವರನ್ನು ನಾನು ತಡೆಯುತ್ತೇನೆ. ಕಂಪನಿ ಅಂದರೆ ವ್ಯವಹಾರ ಶೂನ್ಯ ಇದ್ದರೂ ಪ್ರತಿ ವರ್ಷ ಆಡಿಟ್, ಪ್ರತಿ ವರ್ಷ ಎರಡು ಮುಖ್ಯ ನಮೂನೆಗಳು. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂ. ದಂಡ ಏರುತ್ತಲೇ ಹೋಗುತ್ತದೆ. ವಹಿವಾಟು 2 ಕೋಟಿಯೊಳಗೆ ಇರುವ ಸ್ವಂತ ವ್ಯವಹಾರ ಮತ್ತು ಪಾಲುದಾರಿಕೆಗೆ, ಬ್ಯಾಂಕ್ ಮೂಲಕ ಬಂದ ಹಣದ ಶೇ. 6, ನಗದಿನ ಶೇ. 8 ಲಾಭ ಎಂದು ತೋರಿಸಿ ಸುಲಭವಾಗಿ ಆದಾಯ ತೆರಿಗೆ ಕಟ್ಟುವ ದಾರಿ ಇದೆ. ಕಂಪನಿಗೂ ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಅದು ಸಿಗುವುದಿಲ್ಲ. ಕೆಲಸ ದೊಡ್ಡದಾಗಿ, ಹೊಣೆಯೂ ದೊಡ್ಡದಾದಾಗ ಕಂಪನಿ ಬೇಕೇ ಬೇಕು. ಆದರೆ ಅವತ್ತಿಗೂ ಒಂದು ಯೋಚನೆ ಇರಲಿ. ಟೆಂಡರ್‌ನಲ್ಲಿ ಕೇಳುವ ಅನುಭವದ ಪ್ರಮಾಣಪತ್ರ ನಿಮ್ಮ ಹಳೆಯ ಹೆಸರಿನಲ್ಲಿರುತ್ತದೆ.

ಸರ್ಕಾರಿ ಕೆಲಸ ಬೇಕೆನ್ನುವವರ ದಾರಿ ಬೇರೆ. ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆವಾರು ಗುತ್ತಿಗೆದಾರರ ನೋಂದಣಿ ಇದೆ. ಹೊಸಬರು ಸಾಮಾನ್ಯವಾಗಿ ಕೆಳಗಿನ ದರ್ಜೆಯಿಂದ ಮೇಲೆ ಬರಬೇಕು. ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇರೆ. ಟೆಂಡರ್ ಬರುವುದು ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಅದಕ್ಕೆ ಡಿಜಿಟಲ್ ಸಹಿ ಬೇಕು, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಲು ದುಡ್ಡು ಬೇಕು. ಇದೆಲ್ಲ ಹೇಗೋ ಆಗುತ್ತದೆ. ನನ್ನ ಚಿಂತೆ ಬಿಲ್ಲಿನದ್ದು. ಕೆಲಸ ನಡೆಯುತ್ತಿರುವಾಗಲೇ ಹಾಕುವ 10 ಲಕ್ಷದ ರನ್ನಿಂಗ್ ಬಿಲ್ ಅಂದುಕೊಳ್ಳಿ, ಮೇಲೆ ತೆರಿಗೆ 1 ಲಕ್ಷ 80 ಸಾವಿರ. ನೀವು 6 ಲಕ್ಷದ ಸಿಮೆಂಟು-ಕಬ್ಬಿಣವನ್ನು ಬಿಲ್ ಸಮೇತ ಕೊಂಡಿದ್ದರೆ 1 ಲಕ್ಷ 8 ಸಾವಿರ ಕಳೆಯಬಹುದು. ಉಳಿದ 72 ಸಾವಿರವನ್ನು ಇನ್‌ವಾಯ್ಸ್ ಹಾಕಿದ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಬಿಲ್ ಪಾಸಾಗಿ ಹಣ ಬರುವುದು ಆರು ತಿಂಗಳಿಗೋ ವರ್ಷಕ್ಕೋ. ಬಂದಾಗಲೂ ಟಿಡಿಎಸ್ ಅಂತ ಮೊದಲೇ ಹಿಡಿಯುವ ತೆರಿಗೆ ಇರುತ್ತದೆ: ಸ್ವಂತ ಹೆಸರಿನ ವ್ಯವಹಾರಕ್ಕೆ ಆದಾಯ ತೆರಿಗೆ ಟಿಡಿಎಸ್ ಶೇ. 1, ಜಿಎಸ್‌ಟಿ ಟಿಡಿಎಸ್ ಶೇ. 2, ಕಾರ್ಮಿಕ ಸೆಸ್ ಶೇ. 1, ಭದ್ರತಾ ಠೇವಣಿ ಎಲ್ಲ ಹಿಡಿದುಕೊಂಡೇ ಬರುತ್ತದೆ. ಟಿಡಿಎಸ್ ಆಮೇಲೆ ನಿಮ್ಮ ಲೆಕ್ಕಕ್ಕೆ ಸೇರುತ್ತದೆ ನಿಜ, ಆದರೆ ಅವತ್ತಿನ ಸಂಕಟಕ್ಕೆ ಅದು ಒದಗುವುದಿಲ್ಲ. ಕರಾರಿನಲ್ಲಿ ಹಣ ಯಾವ ಹಂತಕ್ಕೆ ಅಂತ ಬರೆದಿದೆ ನೋಡಿ. ಅಳತೆ ಆಗಿ ಎಂ.ಬಿ. (ಇಲಾಖೆಯ ಅಳತೆ ಪುಸ್ತಕ) ಬರೆಸುವ ಮೊದಲೇ ಆತುರಕ್ಕೆ ಇನ್‌ವಾಯ್ಸ್ ಹಾಕಬೇಡಿ. ಕೈಯಲ್ಲಿ ಆರು ತಿಂಗಳು ತಡೆಯುವಷ್ಟು ಹಣ ಇಲ್ಲದಿದ್ದರೆ ಮೊದಲೆರಡು ವರ್ಷ ಮನೆಗಳನ್ನೇ ಕಟ್ಟಿ.

ನೀವೇ ಜಾಗ ಕೊಂಡು ಕಟ್ಟಿ ಮಾರುವವರಾದರೆ ನೀವು ಗುತ್ತಿಗೆದಾರರಲ್ಲ, ಪ್ರವರ್ತಕರು. 500 ಚದರ ಮೀಟರ್ ದಾಟಿದ ಜಾಗ, ಇಲ್ಲವೇ ಎಂಟಕ್ಕಿಂತ ಜಾಸ್ತಿ ಮನೆಗಳು ಇದ್ದರೆ ಜಾಹೀರಾತಿಗೂ ಮುಂಚೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಅದು ಇನ್ನೊಂದು ದಿನದ ವಿಷಯ.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಅದಕ್ಕೆ ಸರ್ಕಾರದ ಫೀಸು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕಚೇರಿ ತೆರೆದ 30 ದಿನದೊಳಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂ.

ಆಳುಗಳ ವಿಷಯ ಮಾತ್ರ ಸಣ್ಣದಲ್ಲ. ಶನಿವಾರ ಸಂಜೆ ಬಟವಾಡೆ. ಮೇಸ್ತ್ರಿಯ ಕೈಗೆ 60 ಸಾವಿರ ನಗದು ಕೊಟ್ಟು "ಹಂಚಿಬಿಡಪ್ಪಾ" ಅನ್ನುತ್ತೀರಿ. ಪೂರ್ತಿ ಲೆಕ್ಕ ಇಡುವವರಿಗೆ, ಒಬ್ಬರಿಗೆ ಒಂದು ದಿನದಲ್ಲಿ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಅದೇ 60 ಸಾವಿರವನ್ನು ಹದಿನಾಲ್ಕು ಜನರ ಹೆಸರು, ಎಷ್ಟು ದಿನ ಬಂದರು, ಎಷ್ಟು ಕೂಲಿ ಅಂತ ಹಾಜರಿ ಪುಸ್ತಕದಲ್ಲಿ ಬರೆದು, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಒಬ್ಬೊಬ್ಬರಿಗೇ ಕೊಟ್ಟರೆ ನಿಲ್ಲುತ್ತದೆ.

ಆ ಪುಸ್ತಕಕ್ಕೆ ಇನ್ನೂ ದೊಡ್ಡ ಉಪಯೋಗ ಇದೆ. 10 ಅಥವಾ ಹೆಚ್ಚು ಜನ ಕಟ್ಟಡ ಕಾರ್ಮಿಕರಿದ್ದರೆ 60 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನಿಮ್ಮ ಸಂಸ್ಥೆಯ ನೋಂದಣಿ ಆಗಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಮಿತಿ ಹತ್ತೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಹತ್ತೇ. ಕಾರ್ಮಿಕರ ವಿಮೆಯಾದ ಇಎಸ್‌ಐಗೂ ಹತ್ತು, ಭವಿಷ್ಯ ನಿಧಿಯಾದ ಪಿಎಫ್‌ಗೆ ಇಪ್ಪತ್ತು. "ನಮ್ಮಲ್ಲಿ ಯಾವಾಗಲೂ ಒಂಬತ್ತೇ ಜನ ಮೇಡಂ" ಅನ್ನುವವರಿಗೆ ನಾನು ಸ್ಲ್ಯಾಬ್ ಹಾಕುವ ದಿನದ ಲೆಕ್ಕ ಕೇಳುತ್ತೇನೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಲು ಕಾರ್ಮಿಕರಿಗೆ 18ರಿಂದ 60 ವಯಸ್ಸು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಮಂಡಳಿಯಲ್ಲಿ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ನೆರವಿದೆ. ಆ ಹಣ ಬಂದಿರುವುದು ನಿಮ್ಮಂಥವರ ಕಾಮಗಾರಿಯ ಶೇ. 1 ಸೆಸ್‌ನಿಂದಲೇ. ಆದರೆ 90 ದಿನದ ಪತ್ರಕ್ಕಾಗಿ ಆಳುಗಳು ಅಲೆಯುವುದನ್ನು ನೋಡಿದ್ದೇನೆ. ಎರಡು ವರ್ಷ ಒಬ್ಬರ ಹತ್ತಿರವೇ ಗಾರೆ ಹೊತ್ತ ಹೆಂಗಸು ಒಮ್ಮೆ ನನ್ನ ಕಚೇರಿಗೆ ಬಂದು "ಅಕ್ಕಾ, ನಮ್ ಕಾಂಟ್ರ್ಯಾಕ್ಟರ್ ಸಹಿ ಹಾಕಾಕೆ ಹೆದರ್ತಾರೆ" ಅಂದರು. ಅವರ ಗುತ್ತಿಗೆದಾರರು ನನ್ನ ಕಕ್ಷಿದಾರರೇ. ಸಂಸ್ಥೆಯ ನೋಂದಣಿ ಮಾಡಿಸಿರಲಿಲ್ಲ, ಸಹಿ ಹಾಕಿದರೆ ಸಿಕ್ಕಿಬೀಳುತ್ತೇನೆ ಎಂಬ ಭಯ. ಆ ವಾರವೇ ಕರೆಸಿ ಅರ್ಜಿ ಹಾಕಿಸಿದೆ. ನೋಂದಣಿ ಪತ್ರ ಬಂದ ದಿನ ಅವರು ಹಾಜರಿ ಪುಸ್ತಕ ತಂದು ನನ್ನ ಮೇಜಿನ ಮೇಲೇ ಹನ್ನೊಂದು ಜನರ ಪತ್ರಕ್ಕೆ ಸಹಿ ಹಾಕಿದರು. ಮೊದಲ ಪತ್ರ ಆ ಹೆಂಗಸಿನದ್ದು.