ಮೊದಲ ಸೈಟಿನಲ್ಲಿ ಇಳಿಸಿದ ಮೇಲೆ ಲಾರಿ ಹೇಗಿದೆ, ನೋಡಿದ್ದೀರಾ?

ಬೆಂಗಳೂರಿನ ಪೀಣ್ಯದ ಕಡೆ ಕಬ್ಬಿಣದ ಯಾರ್ಡುಗಳಲ್ಲಿ ಲೋಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬರುವ ದೊಡ್ಡ ಟ್ರೇಲರ್‌ಗಳಲ್ಲಿ ಒಂದೇ ಬಗೆಯ ಮಾಲು ಇರುತ್ತದೆ. ಕಾಯಿಲ್ (ತಗಡಿನ ಸುರುಳಿ) ಅಂದರೆ ಬರೀ ಕಾಯಿಲ್, ಕಂಬಿ ಅಂದರೆ ಬರೀ ಕಂಬಿ. ಹೊರಟ ಕಡೆ ಕಟ್ಟಿದ್ದನ್ನು ಬಂದ ಕಡೆ ಬಿಚ್ಚಿದರೆ ಮುಗಿಯಿತು. ಕಷ್ಟ ಶುರುವಾಗುವುದು ಯಾರ್ಡಿನಿಂದ ಒಂದಾದ ಮೇಲೊಂದು ಸೈಟಿಗೆ ಹೋಗುವ ಲಾರಿಯಲ್ಲಿ.

ಅದರಲ್ಲಿ ಏನಿರುತ್ತೆ ಹೇಳಿ? ಒಂದು ಮನೆ ಕಟ್ಟುವವರಿಗೆ 12 ಮತ್ತು 16 ಎಂಎಂ ಕಂಬಿ. ಫ್ಯಾಬ್ರಿಕೇಶನ್ ಶೆಡ್ಡಿನವರಿಗೆ ಪ್ಲೇಟು, ಆ್ಯಂಗಲ್, ಚಾನೆಲ್. ಇನ್ನೊಬ್ಬರಿಗೆ ರೌಂಡ್ ಪೈಪು. ಮೂಲೆಯಲ್ಲಿ ಬೈಂಡಿಂಗ್ ವೈರಿನ ಸುರುಳಿ. ಎಲ್ಲವೂ ಕಬ್ಬಿಣವೇ, ಆದರೆ ಒಂದೊಂದರ ಸ್ವಭಾವ ಒಂದೊಂದು. ಪೈಪು ಉರುಳುತ್ತದೆ. ಎಣ್ಣೆ ಸವರಿದ ಪ್ಲೇಟು ಇಸ್ಪೀಟು ಎಲೆಯ ಹಾಗೆ ಒಂದರ ಮೇಲಿಂದ ಒಂದು ಜಾರುತ್ತದೆ. ಮಡಚಿ ಕಟ್ಟಿದ ಕಂಬಿ ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅದುಮಿಕೊಂಡು, ಮಾಲಿಗೆ ಬಿಗಿದ ಬೆಲ್ಟನ್ನು ಸಡಿಲ ಮಾಡುತ್ತದೆ.

ಇಂಥ ಲಾರಿಯನ್ನು ಬೆಳಿಗ್ಗೆ ನಾವು ಚೆನ್ನಾಗಿಯೇ ಕಟ್ಟಿ ಕಳಿಸುತ್ತೇವೆ. ಆದರೆ ಮೊದಲ ಸೈಟಿನಲ್ಲಿ ಮಾಲು ಇಳಿದ ಮೇಲೆ ಆ ಲಾರಿಯನ್ನು ಯಾರೂ ನೋಡುವುದಿಲ್ಲ. ಹಳ್ಳಿಯಲ್ಲಿ ಸೌದೆ ಹೊರೆ ಹೊತ್ತವರಿಗೆ ಇದು ಗೊತ್ತು. ಬಿಗಿಯಾಗಿ ಕಟ್ಟಿದ ಹೊರೆಯಿಂದ ಎರಡೇ ಎರಡು ಕಟ್ಟಿಗೆ ಎಳೆದುಕೊಂಡು ನೋಡಿ. ಹಗ್ಗ ಹಾಗೇ ಇರುತ್ತದೆ, ಗಂಟೂ ಹಾಗೇ ಇರುತ್ತದೆ, ಹೊರೆ ಮಾತ್ರ ಸಡಿಲ.

ನಾನು ಇದನ್ನು ಕಲಿತ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಬೇರೆ ಯಾರ್ಡಿನಲ್ಲಿದ್ದೆ. ಲಾರಿಯ ಮುಂಭಾಗದಲ್ಲಿ ಗಿಡ್ಡ ಆ್ಯಂಗಲ್ ತುಂಡುಗಳ ಕಟ್ಟು ಇಟ್ಟು, ಅದಕ್ಕೆ ತಾಗಿಸಿ ಎರಡು ಇಂಚಿನ ಪೈಪುಗಳ ಕಟ್ಟು ಮಲಗಿಸಿದ್ದೆವು. ಮೊದಲ ಸೈಟಿನಲ್ಲಿ ಆ್ಯಂಗಲ್ ಇಳಿಯಿತು. ಪೈಪಿನ ಮುಂದೆ ಮೂರು ಅಡಿ ಜಾಗ ಖಾಲಿಯಾಯಿತು. ಮುಂದಿನ ಸೈಟು ಎರಡೇ ಕಿಲೋಮೀಟರ್. ಡ್ರೈವರ್ ಇರುವ ಬೆಲ್ಟನ್ನು ಹಾಗೇ ಬಿಟ್ಟು ಹೊರಟ. ಕ್ಲೀನರ್ ಹುಡುಗ ಚಲನ್ನಿಗೆ ಸಹಿ ಹಾಕಿಸಿಕೊಳ್ಳಲು ಅಲ್ಲೇ ಉಳಿದಿದ್ದ. ದಾರಿಯಲ್ಲಿ ಸ್ಕೂಟರ್ ಒಂದು ಅಡ್ಡ ಬಂದು, ಡ್ರೈವರ್ ಬ್ರೇಕ್ ಒತ್ತಿದ. ಕಟ್ಟು ಕದಲಲಿಲ್ಲ. ಕಟ್ಟಿನ ಮಧ್ಯದಿಂದ ಒಂದೇ ಒಂದು ಪೈಪು ಬಾಣದ ಹಾಗೆ ಹೊರಗೆ ಬಂತು. ಕ್ಯಾಬಿನ್ನಿನ ಹಿಂಬದಿ ತಗಡನ್ನು ತೂತು ಮಾಡಿ ಕ್ಲೀನರ್ ಸೀಟಿನ ಬೆನ್ನನ್ನು ದಾಟಿ ನಿಂತಿತು.

ಸಂಜೆ ಆ ಸೀಟನ್ನು ನೋಡಿದೆ. ರೆಕ್ಸಿನ್ನಿನಲ್ಲಿ ದುಂಡಗೆ, ಅಚ್ಚು ಒತ್ತಿದ ಹಾಗೆ ತೂತು. ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಹುಡುಗನಿಗೆ ಹತ್ತೊಂಬತ್ತು ವರ್ಷ. ಅವನು ಸುಮ್ಮನೆ ಆ ತೂತಿಗೆ ಕೈಯಿಟ್ಟು ನೋಡುತ್ತಿದ್ದ. ಆ ಲೋಡ್ ಮಾಡಿಸಿದವನು ನಾನೇ.

ಪೈಪಿನ ಕಟ್ಟಿಗೆ ಮೇಲಿಂದ ಬೆಲ್ಟ್ ಹಾಕಿದರೆ ಹೊರಗಿನ ಪೈಪುಗಳು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಒಳಗಿನದನ್ನು ಹಿಡಿಯಬೇಕಾದರೆ ಬೆಲ್ಟನ್ನು ಕಟ್ಟಿನ ಸುತ್ತ ಪೂರ್ತಿ ಒಂದು ಸುತ್ತು ತಂದು, ಕತ್ತು ಹಿಸುಕಿದ ಹಾಗೆ ಬಿಗಿಯಬೇಕು. ಅದಾದ ಮೇಲೂ ಪೈಪಿನ ತಲೆ ಬಾಡಿಯ ಮುಂದಿನ ಗೋಡೆಗೆ ಮುಟ್ಟಿರಬೇಕು. ಆ ಗೋಡೆ ಬರೀ ತಗಡಾದರೆ ಅದಕ್ಕೆ ಅಡ್ಡ ಒಂದು ದಪ್ಪ ಪ್ಲೇಟು ನಿಲ್ಲಿಸಬೇಕು. ಪೈಪಿನ ತುದಿಗೆ ತಗಡು ಒಂದು ಲೆಕ್ಕವೇ ಅಲ್ಲ.

ಇನ್ನು ಬೆಲ್ಟಿನ ವಿಷಯ. ಬಹಳ ಡ್ರೈವರುಗಳು ಹೇಳುವ ಮಾತು ಒಂದಿದೆ. 'ಸಾರ್, ಐದು ಟನ್ನಿನ ಬೆಲ್ಟು, ನಾಲ್ಕು ಟನ್ ಮಾಲು, ಒಂದು ಹಾಕಿದರೆ ಸಾಕಲ್ವಾ?' ಕೇಳಲು ಸರಿ ಅನಿಸುತ್ತದೆ. ಆದರೆ ಬೆಲ್ಟಿನ ಚೀಟಿ ಮೇಲಿರುವ ಐದು ಟನ್ ಅಂದರೆ ಅದು ತಡೆದುಕೊಳ್ಳಬಲ್ಲ ಎಳೆತ. ಅದು ಮಾಲನ್ನು ಕೆಳಗೆ ಒತ್ತುವ ಬಲ ಅಲ್ಲ. ಬೆಲ್ಟ್ ಬಿಗಿಯುವ ರಾಚೆಟ್ ಹಿಡಿಯನ್ನು ಮೈಯೆಲ್ಲ ಬಲ ಹಾಕಿ ಎಳೆದರೂ ಸಾಮಾನ್ಯ ಬೆಲ್ಟಿನಲ್ಲಿ ಸಿಗುವ ಬಿಗಿ ಸುಮಾರು 300 ಕಿಲೋ. ಧಾರಾಳವಾಗಿ ಎರಡೂ ಬದಿಗೆ ಲೆಕ್ಕ ಹಿಡಿದರೆ 600 ಕಿಲೋ ಒತ್ತಡ. ಅದೂ ಬೆಲ್ಟ್ ನೆಟ್ಟಗೆ ಕೆಳಗೆ ಇಳಿದರೆ. ಅಗಲವಾದ ಬಾಡಿಯಲ್ಲಿ ತೆಳ್ಳಗೆ ಹಾಸಿದ ಪ್ಲೇಟುಗಳ ಮೇಲೆ ಬೆಲ್ಟ್ ಓರೆಯಾಗಿ, 30 ಡಿಗ್ರಿಯಲ್ಲಿ ಹೋದರೆ ಅದರಲ್ಲೂ ಅರ್ಧ ಮಾತ್ರ.

ಈಗ ಲೆಕ್ಕ ನೋಡಿ. ಜೋರಾಗಿ ಬ್ರೇಕ್ ಹಾಕಿದಾಗ ಮಾಲು ತನ್ನ ತೂಕದ ಶೇ. 80ರಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ ಎಂದು ಹಿಡಿಯಬೇಕು. ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ. 50. ಯುರೋಪಿನಲ್ಲಿ ಲೋಡ್ ಕಟ್ಟಲು ಇಟ್ಟುಕೊಂಡಿರುವ ಅಂಕಿಯೂ ಇದೇ. ನಾಲ್ಕು ಟನ್ ಪ್ಲೇಟು ಅಂದರೆ 3.2 ಟನ್ ಬಲ. ಎಣ್ಣೆ ಅಂಟಿದ ಪ್ಲೇಟು ಕಬ್ಬಿಣದ ತಳದ ಮೇಲೆ ಕೂತಿದ್ದರೆ ಘರ್ಷಣೆ ಬರೀ 0.15 ಇರುತ್ತದೆ. ಅಂದರೆ ಮಾಲು ತನ್ನ ತೂಕದಿಂದಲೇ ತಡೆದುಕೊಳ್ಳುವುದು 600 ಕಿಲೋ. ಬಾಕಿ 2.6 ಟನ್. ಒಂದು ಬೆಲ್ಟಿನ 600 ಕಿಲೋ ಒತ್ತಡದಿಂದ ಸಿಗುವ ತಡೆ 90 ಕಿಲೋ. ಹಾಗಾದರೆ ಎಷ್ಟು ಬೆಲ್ಟು ಬೇಕು? ಇಪ್ಪತ್ತೊಂಬತ್ತು. ಯಾರೂ ಹಾಕುವುದಿಲ್ಲ, ಹಾಕಲು ಆಗುವುದೂ ಇಲ್ಲ.

ಅದೇ ಪ್ಲೇಟಿನ ಕೆಳಗೆ ಒಳ್ಳೆಯ ರಬ್ಬರ್ ಮ್ಯಾಟು ಹಾಕಿ. ಘರ್ಷಣೆ 0.6ಕ್ಕೆ ಏರುತ್ತದೆ. ಮಾಲಿನ ತೂಕವೇ 2.4 ಟನ್ ತಡೆಯುತ್ತದೆ. ಬಾಕಿ 800 ಕಿಲೋ. ಒಂದೊಂದು ಬೆಲ್ಟೂ 360 ಕಿಲೋ ತಡೆ ಕೊಡುತ್ತದೆ. ಮೂರು ಬೆಲ್ಟು ಸಾಕು! ಈ ಲೆಕ್ಕವನ್ನು ಯಾರ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ದಿನ, ಹಮಾಲರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ನಿಂತು ಕೇಳಿದರು. ಮರುವಾರ ಮ್ಯಾಟು ಬಂತು. ಆದರೆ ನೆನಪಿಡಿ, ಮ್ಯಾಟು ತಳದಲ್ಲಿ ಮಾತ್ರ ಹಾಕಿದರೆ ತಳದ ಪ್ಲೇಟು ಮಾತ್ರ ನಿಲ್ಲುತ್ತದೆ. ಪ್ಲೇಟು ಪ್ಲೇಟಿನ ನಡುವೆ ಅದೇ ಎಣ್ಣೆ, ಅದೇ ಜಾರಿಕೆ. ಅದಕ್ಕೇ ಪ್ಲೇಟಿನ ಮುಂದೆ ಜಾಗ ಬಿಡಲೇಬಾರದು. ಜಾಗ ಉಳಿದರೆ ಮರದ ದಿಮ್ಮಿ ಕೊಟ್ಟು ತುಂಬಿ.

ಪ್ಲೇಟಿನ ಅಂಚು ಚಾಕು ಇದ್ದ ಹಾಗೆ. ಬೆಲ್ಟ್ ಅಲ್ಲಿ ತಿರುಗುವ ಕಡೆ ಹಳೇ ಟೈರಿನ ತುಂಡಾದರೂ ಇಡಬೇಕು. ಇಲ್ಲದಿದ್ದರೆ ಚೈನು ಹಾಕಿ.

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಲೋಡ್ ಮಾಡಿಸುವ ರೀತಿಯನ್ನೇ ಬದಲಾಯಿಸಿದೆ. ಮೊದಲೆಲ್ಲ ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂದು ಪೇರಿಸಿ, ಎಲ್ಲಕ್ಕೂ ಸೇರಿಸಿ ಮೇಲಿಂದ ಬೆಲ್ಟ್ ಎಳೆಯುತ್ತಿದ್ದೆವು. ಎತ್ತರದ ಕಟ್ಟಿಗೆ ಬೆಲ್ಟ್ ತಾಗುತ್ತಿತ್ತು. ಪಕ್ಕದ ಗಿಡ್ಡ ಕಟ್ಟಿಗೆ ಬೆಲ್ಟೇ ಮುಟ್ಟುತ್ತಿರಲಿಲ್ಲ. ಮುಟ್ಟದ ಬೆಲ್ಟು ಹಿಡಿಯುವುದಾದರೂ ಏನನ್ನು? ಈಗ ಒಬ್ಬ ಗಿರಾಕಿಯ ಮಾಲಿಗೆ ಒಂದು ಸಾಲು. ಸಾಲುಗಳು ಬಾಡಿಯ ಉದ್ದಕ್ಕೆ, ಪಕ್ಕಪಕ್ಕದಲ್ಲಿ. ಪ್ರತಿ ಸಾಲೂ ಮುಂದಿನ ಗೋಡೆಗೆ ಮುಟ್ಟಬೇಕು. ಪ್ರತಿ ಸಾಲಿಗೂ ಅದರದ್ದೇ ಬೆಲ್ಟು. ಒಬ್ಬರ ಮಾಲಿನ ಮೇಲೆ ಇನ್ನೊಬ್ಬರದ್ದು ಕೂರಬಾರದು. ಎಲ್ಲಕ್ಕಿಂತ ಭಾರದ್ದು ನಡುವಿನ ಸಾಲಿನಲ್ಲಿ, ಮತ್ತು ಅದನ್ನು ಕೊನೆಗೆ ಇಳಿಸುವ ಹಾಗೆ ದಾರಿ ಹಾಕಿಕೊಳ್ಳಬೇಕು. ಹೀಗೆ ಮಾಡಿದರೆ ಲಾರಿಗೆ ಸ್ವಲ್ಪ ಕಡಿಮೆ ಮಾಲು ಹಿಡಿಯುತ್ತದೆ, ನಿಜ. ಅದಕ್ಕೆ ಮಾಲೀಕರ ಹತ್ತಿರ ನಾನು ಜಗಳ ಆಡಿದ್ದೇನೆ, ಈಗಲೂ ಆಡುತ್ತೇನೆ.

ಕಂಬಿಯ ಉದ್ದದ ಬಗ್ಗೆ ಒಂದು ಮಾತು. ಕಂಬಿ ಬರುವುದು 12 ಮೀಟರ್, ಸುಮಾರು 39 ಅಡಿ. 22 ಅಡಿ ಬಾಡಿಗೆ ಮಡಚದೆ ಹಿಡಿಯುವುದಿಲ್ಲ. ಹಿಂದೆ ಬಾಡಿಯಿಂದ 1 ಮೀಟರ್ ಹೊರಗೆ ಚಾಚಲು ಅವಕಾಶವಿತ್ತು. 2014ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20 ಸಾವಿರ ರೂಪಾಯಿ ದಂಡವಿದೆ. ಆದರೂ ಸಂಜೆ ಹೊತ್ತು ತುಮಕೂರು ರಸ್ತೆಯಲ್ಲಿ ಹಿಂದಿನ ಡೋರ್ ಬಿಚ್ಚಿ, ಕೆಂಪು ಬಟ್ಟೆ ಕಟ್ಟಿ ಹೋಗುವ ಲಾರಿಗಳು ಕಾಣುತ್ತವೆ. ಕತ್ತಲಲ್ಲಿ ಹಿಂದೆ ಬರುವ ಬೈಕಿನವನಿಗೆ ಆ ಬಟ್ಟೆ ಕಾಣುವುದಿಲ್ಲ. ದಯವಿಟ್ಟು ಮಡಚಿಸಿ, ಇಲ್ಲವೇ ಉದ್ದದ ಗಾಡಿ ತರಿಸಿ.

ಮತ್ತೆ ಮೊದಲ ಸೈಟಿಗೆ ಬರೋಣ. ಇಳಿಸುವಾಗ ಬೆಲ್ಟ್ ಬಿಚ್ಚುವ ಮೊದಲು ಲಾರಿ ಸುತ್ತ ಒಮ್ಮೆ ನಡೆದು ನೋಡಬೇಕು. ದಾರಿಯಲ್ಲಿ ಮಾಲು ಯಾವುದೋ ಒಂದು ಬದಿಗೆ ವಾಲಿ, ಬರೀ ಬೆಲ್ಟಿನ ಆಸರೆಯಲ್ಲಿ ನಿಂತಿರಬಹುದು. ಬಿಚ್ಚಿದ ಕೂಡಲೇ ಪೈಪು ಆ ಬದಿಗೆ ಉರುಳುತ್ತದೆ. ನಾನು ನೋಡಿದ ಗಾಯಗಳಲ್ಲಿ ಜಾಸ್ತಿ ಆಗಿರುವುದು ಓಡುವ ಲಾರಿಯಲ್ಲಲ್ಲ, ನಿಂತ ಲಾರಿಯ ಪಕ್ಕದಲ್ಲಿ.

ಇಳಿಸಿದ ಮೇಲೆ ಉಳಿದ ಮಾಲನ್ನು ಹೊಸ ಲೋಡ್ ಎಂದೇ ನೋಡಬೇಕು. ಖಾಲಿಯಾದ ಜಾಗಕ್ಕೆ ದಿಮ್ಮಿ, ಉಳಿದ ಸಾಲುಗಳ ಬೆಲ್ಟು ಮತ್ತೆ ಬಿಗಿ. ಹೊರಟು ಮೊದಲ ಹಂಪ್ ದಾಟಿದ ಮೇಲೆ ಇನ್ನೊಮ್ಮೆ ಇಳಿದು ಕೈಯಿಂದ ಎಳೆದು ನೋಡುವುದು. ನಮ್ಮ ಡ್ರೈವರುಗಳಿಗೆ ಇದೆಲ್ಲ ಈಗ ರೂಢಿಯಾಗಿದೆ. ಅವರನ್ನು ತಡೆಯುವುದು ಸೋಮಾರಿತನವಲ್ಲ, ಸೈಟಿನ ಅವಸರ. ಮಾಲು ಇಳಿದ ಕೂಡಲೇ 'ಗಾಡಿ ತೆಗೀಯಪ್ಪಾ, ಜಲ್ಲಿ ಲಾರಿ ಕಾಯ್ತಾ ಇದೆ' ಎಂದು ಗೇಟಿನ ಹೊರಗೆ ದಬ್ಬುತ್ತಾರೆ. ಹೊರಗೆ ಕಿರಿದಾದ ರಸ್ತೆ, ಹಿಂದೆ ಹಾರನ್ನು. ಅಲ್ಲಿ ನಿಂತು ಕಟ್ಟಲು ಯಾರಿಗಾದರೂ ಸಾಧ್ಯವೇ?

ಅದಕ್ಕೇ ಈಗ ನಮ್ಮ ಪ್ರತಿ ಚಲನ್ನಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದ್ದೇವೆ: 'ಮಾಲು ಇಳಿದ ಮೇಲೆ ಲಾರಿಗೆ ಗೇಟಿನ ಒಳಗೆ ಹತ್ತು ನಿಮಿಷ ಕೊಡಿ.' ಸೈಟ್ ನೋಡಿಕೊಳ್ಳುವ ಎಂಜಿನಿಯರುಗಳು, ಮೇಸ್ತ್ರಿಗಳು ಇದನ್ನು ಓದುತ್ತಿದ್ದರೆ, ನಮ್ಮ ಲಾರಿಗೆ ಮಾತ್ರವಲ್ಲ, ನಿಮ್ಮ ಗೇಟಿಗೆ ಬರುವ ಪ್ರತಿ ಕಬ್ಬಿಣದ ಲಾರಿಗೂ ಆ ಹತ್ತು ನಿಮಿಷ ಕೊಡಿ.