ಮಾತ್ರೆಯಿಂದ ಬಂದ ಶುಗರ್ ಮಾತ್ರೆ ಬಿಟ್ಟರೆ ಹೋಗುತ್ತದೆಯೇ?

ಪ್ರಶ್ನೆ: ಸಿಸ್ಟರ್, ನಮ್ಮ ಯಜಮಾನರಿಗೆ ಕಿಡ್ನಿ ಕಸಿಯಾಗಿ ಐದು ತಿಂಗಳಾಯಿತು. ಡಯಾಲಿಸಿಸ್‌ನಲ್ಲಿದ್ದಾಗ ಶುಗರ್ ಇರಲಿಲ್ಲ. ಈಗ ಮಧ್ಯಾಹ್ನದ ಮೇಲೆ ನೋಡಿದರೆ 260 ಇರುತ್ತದೆ. ಟ್ರಾನ್ಸ್‌ಪ್ಲಾಂಟ್ ಮಾತ್ರೆಯಿಂದ ಬಂದಿದ್ದು ಎಂದು ಡಾಕ್ಟರೇ ಹೇಳಿದರು. ಹಾಗಿದ್ದಮೇಲೆ ಮಾತ್ರೆ ಸ್ವಲ್ಪ ಕಮ್ಮಿ ಮಾಡಿದರೆ ಸಾಕಲ್ಲವೇ? ಇನ್ಸುಲಿನ್ ಯಾಕೆ?

ಉತ್ತರ: ಕಮ್ಮಿ ಮಾಡಬೇಡಿ. ಇವತ್ತಿನ ರಾತ್ರಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ಆಮೇಲೆ ಮುಂದೆ ಓದಿ.

ಓಪಿಡಿಯ ಬಾಗಿಲಲ್ಲಿ, ಫೋನಿನಲ್ಲಿ, ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಲೂ ಇದೇ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಬೇಸರವಾಗುತ್ತದೆ ನಿಜ. ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಪಕ್ಕದ ಮನೆಯವರ ಉತ್ತರ ನಂಬಿ ಕಿಡ್ನಿ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ಹೊಸ ಕಿಡ್ನಿಯನ್ನು ದೇಹ ಪರಕೀಯವೆಂದು ಹೊಡೆಯಲು ಹೊರಡುತ್ತದೆ. ಟ್ಯಾಕ್ರೋಲಿಮಸ್ ಮಾತ್ರೆ ಆ ರಕ್ಷಣಾ ಕೋಶಗಳೊಳಗಿನ ಒಂದು ಕಿಣ್ವವನ್ನು ಕಟ್ಟಿಹಾಕಿ ಅವನ್ನು ಸುಮ್ಮನಿರಿಸುತ್ತದೆ. ಅದೇ ಕಿಣ್ವ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳಿಗೂ ಬೇಕು. ಹಾಗಾಗಿ ಇನ್ಸುಲಿನ್ ಇಳುವರಿ ತಗ್ಗುತ್ತದೆ. ಜೊತೆಗಿರುವ ಸ್ಟಿರಾಯ್ಡ್, ಅಂದರೆ ಪ್ರೆಡ್ನಿಸೊಲೋನ್, ಇದ್ದ ಇನ್ಸುಲಿನ್ನೂ ಸರಿಯಾಗಿ ನಾಟದಂತೆ ಮಾಡುತ್ತದೆ, ಹಸಿವನ್ನೂ ಕೆರಳಿಸುತ್ತದೆ.

ಆದರೆ ತಪ್ಪೆಲ್ಲ ಮಾತ್ರೆಯದೇ ಅಲ್ಲ. ದೇಹದಲ್ಲಿ ತನ್ನ ಕೆಲಸ ಮುಗಿಸಿದ ಇನ್ಸುಲಿನ್ನನ್ನು ಕರಗಿಸಿ ಹಾಕುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಡಯಾಲಿಸಿಸ್ ಕಾಲದಲ್ಲಿ ಕಿಡ್ನಿ ಕೆಟ್ಟಿತ್ತು, ಇದ್ದಷ್ಟು ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತಿತ್ತು. ಬಾಯಿಗೆ ರುಚಿಯಿಲ್ಲದೆ ಊಟವೂ ಅಷ್ಟಕ್ಕಷ್ಟೇ. ಹೀಗೆ ಎಷ್ಟೋ ಜನರಲ್ಲಿ ಒಳಗೇ ಇದ್ದ ಶುಗರ್ ಪ್ರವೃತ್ತಿ ಮುಚ್ಚಿಹೋಗಿರುತ್ತದೆ. ಹೊಸ ಕಿಡ್ನಿ ಚುರುಕಾಗಿ ಕೆಲಸ ಶುರುಮಾಡಿದಾಗ ಅದು ಹೊರಬೀಳುತ್ತದೆ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ವಯಸ್ಸು ನಲವತ್ತು ದಾಟಿದ್ದರೆ, ಸೊಂಟದ ಸುತ್ತ ಬೊಜ್ಜಿದ್ದರೆ ಇದು ಇನ್ನೂ ಜಾಸ್ತಿ. ಮಾತ್ರೆ ಬಿಟ್ಟರೂ ಇವ್ಯಾವುವೂ ಬಿಟ್ಟು ಹೋಗುವುದಿಲ್ಲ.

ಒಬ್ಬರ ಕಥೆ ಹೇಳುತ್ತೇನೆ. ಹೆಂಡತಿಯೇ ಕಿಡ್ನಿ ಕೊಟ್ಟಿದ್ದರು. ಶುಗರ್ ಬಂತೆಂದು ಯಾರಿಗೂ ಹೇಳದೆ ಸಂಜೆಯ ಟ್ಯಾಕ್ರೋಲಿಮಸ್ ನಿಲ್ಲಿಸಿದರು. ಮೂರು ವಾರದ ನಂತರ ಬಂದಾಗ ಡೈರಿ ತೆರೆದು, ‘ನೋಡಿ ಸಿಸ್ಟರ್, 30 ಇಳಿದಿದೆ’ ಎಂದು ತೋರಿಸಿದರು. ನೀಲಿ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದ ಅಂಕಿಗಳು. ಅವತ್ತೇ ಬಂದ ರಕ್ತದ ರಿಪೋರ್ಟಿನಲ್ಲಿ ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 1.2 ಇದ್ದದ್ದು 3.1 ಆಗಿತ್ತು. ನೋವಿಲ್ಲ, ಜ್ವರವಿಲ್ಲ, ಮೂತ್ರವೂ ಬರುತ್ತಿತ್ತು. ಕಸಿ ಮಾಡುವಾಗ ಕಿಡ್ನಿಯ ನರಗಳು ಕತ್ತರಿಸಿರುತ್ತವೆ, ಅದಕ್ಕೇ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ಹೊಡೆಯುವುದು, ಶುರುವಾದರೂ ಹೆಚ್ಚಿನವರಿಗೆ ನೋವು ಕಾಣುವುದಿಲ್ಲ. ‘ಏನೂ ಆಗಲಿಲ್ಲವಲ್ಲ’ ಎಂದು ಮಾತ್ರೆ ಬಿಟ್ಟವರು ಹೇಳುವುದು ಈ ಮೌನವನ್ನು ನಂಬಿ.

ಇನ್ನು ಲೆಕ್ಕ ಕೇಳಿ. ರಿಜೆಕ್ಷನ್‌ಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಸ್ಟಿರಾಯ್ಡೇ, ರಕ್ತನಾಳಕ್ಕೆ, ಮೂರು ದಿನದ ಆಸುಪಾಸು. ದಿನಕ್ಕೆ 500 ಮಿಲಿಗ್ರಾಂ ಮೀಥೈಲ್ ಪ್ರೆಡ್ನಿಸೊಲೋನ್ ಎಂದಿಟ್ಟುಕೊಳ್ಳಿ. ಅದರ 4 ಮಿಲಿಗ್ರಾಂ, ನಿಮ್ಮವರು ನುಂಗುವ ಪ್ರೆಡ್ನಿಸೊಲೋನಿನ 5 ಮಿಲಿಗ್ರಾಂ ಮಾತ್ರೆಗೆ ಸಮ. ಅಂದರೆ ಒಂದು ದಿನದಲ್ಲಿ 125 ಮಾತ್ರೆ! ಶುಗರ್ 30 ಇಳಿಸಲು ಹೋದವರಿಗೆ ಆ ಮೂರು ದಿನ 400 ದಾಟಿತ್ತು. ಕಿಡ್ನಿ ಅರ್ಧಂಬರ್ಧ ಉಳಿಯಿತು. ಕಿಡ್ನಿ ಕೊಟ್ಟ ಆ ಹೆಂಡತಿ ಹೊರಗಿನ ಬೆಂಚಿನಲ್ಲಿ ಬುತ್ತಿಚೀಲ ಹಿಡಿದು ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಡೋಸ್ ಎಂದಿಗೂ ಇಳಿಯುವುದೇ ಇಲ್ಲವೇ? ಇಳಿಯುತ್ತದೆ. ತಿಂಗಳು ಕಳೆದಂತೆ ರಕ್ತದ ಲೆವೆಲ್ ನೋಡುತ್ತಾ ಡಾಕ್ಟರೇ ಇಳಿಸುತ್ತಾರೆ, ಕೆಲವರಿಗೆ ಮಾತ್ರೆಯನ್ನೇ ಬದಲಿಸುತ್ತಾರೆ. ಆಗ ಕೆಲವರ ಇನ್ಸುಲಿನ್ ಪೂರ್ತಿ ನಿಂತೂ ಹೋಗುತ್ತದೆ. ಹಾಗಾಗಿ ‘ಇನ್ಸುಲಿನ್ ಹಿಡಿದರೆ ಸಾಯೋವರೆಗೂ ಬಿಡಲ್ಲ’ ಎಂಬ ಹೆದರಿಕೆ ಬೇಡ. ಮೊದಲ ತಿಂಗಳುಗಳಲ್ಲಿ ಡೋಸ್‌ಗಳು ವಾರವಾರ ಬದಲಾಗುತ್ತವೆ. ಅದಕ್ಕೆ ತಕ್ಕಂತೆ ಏರಿಸಿ ಇಳಿಸಲು ಇನ್ಸುಲಿನ್‌ನಷ್ಟು ಸಲೀಸಾದ್ದು ಬೇರೆ ಇಲ್ಲ. ಶುಗರ್ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್‌ನಂಥವನ್ನು ಹೊಸ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿಯೇ ಕೊಡಬೇಕು.

ನೀವು ಮಧ್ಯಾಹ್ನದ ಮೇಲೆ ನೋಡಿದ್ದು ಬಹಳ ಸರಿ, ಅದಕ್ಕೆ ಶಹಭಾಸ್ ಹೇಳುತ್ತೇನೆ. ಹೆಚ್ಚಿನವರ ಡೈರಿಯಲ್ಲಿ ಬೆಳಗಿನ ಖಾಲಿಹೊಟ್ಟೆಯ ಸಾಲು ಮಾತ್ರ ತುಂಬಿರುತ್ತದೆ, 100, 104, 98. ಬೆಳಗ್ಗೆ ನುಂಗಿದ ಸ್ಟಿರಾಯ್ಡಿನ ಪ್ರಭಾವ ಮಧ್ಯಾಹ್ನದಿಂದ ಸಂಜೆಯವರೆಗೆ ಜೋರು, ಬೆಳಗಿನ ಜಾವಕ್ಕೆ ಇಳಿದಿರುತ್ತದೆ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ನೋಡಿ. ಮೂರು ತಿಂಗಳ ಸರಾಸರಿಯ ಟೆಸ್ಟನ್ನು ಸದ್ಯಕ್ಕೆ ಪೂರ್ತಿ ನಂಬಬೇಡಿ. ಕಸಿಯಾದ ಹೊಸದರಲ್ಲಿ ರಕ್ತ ಹಾಕಿಸಿರುತ್ತಾರೆ, ಹೊಸ ರಕ್ತಕಣಗಳೂ ಹುಟ್ಟುತ್ತಿರುತ್ತವೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಸಮಯ ಸಿಕ್ಕಿರುವುದಿಲ್ಲ, ಅಂಕಿ ಕಮ್ಮಿ ಕಾಣುತ್ತದೆ. ಊಟದಲ್ಲೂ ಮಧ್ಯಾಹ್ನದ್ದನ್ನೇ ಹಿಡಿತದಲ್ಲಿಡಿ. ಅನ್ನ ಬಿಟ್ಟೆವೆಂದು ಎರಡು ದಪ್ಪ ರಾಗಿಮುದ್ದೆ ಉಂಡರೆ ಏನೂ ಉಳಿತಾಯವಾಗಲಿಲ್ಲ.

ನೀವು ಕೇಳದಿದ್ದರೂ ಹಣ್ಣಿನ ಒಂದು ಮಾತು ಹೇಳಲೇಬೇಕು. ಶುಗರ್ ಬಂತೆಂದು ಗೊತ್ತಾದರೆ ನೆಂಟರು ಚಕ್ಕೋತ ತರುತ್ತಾರೆ, ದೇವನಹಳ್ಳಿಯದಾದರಂತೂ ಪ್ರೀತಿಯಿಂದ. ಬೇರೆ ಶುಗರಿನವರು ನಾಲ್ಕು ತೊಳೆ ತಿನ್ನಲಿ. ನಿಮ್ಮವರು ಒಂದು ತೊಳೆಯನ್ನೂ ಮುಟ್ಟಬಾರದು. ಟ್ಯಾಕ್ರೋಲಿಮಸ್ಸನ್ನು ಒಡೆಯುವ ಕರುಳಿನ ಕಿಣ್ವವನ್ನು ಚಕ್ಕೋತ ತಡೆಯುತ್ತದೆ. ಮಾತ್ರೆಯ ಲೆವೆಲ್ ರಕ್ತದಲ್ಲಿ ಏರಿ ಕೈ ನಡುಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಶುಗರ್ ಇನ್ನಷ್ಟು ಮೇಲೇರುತ್ತದೆ. ಹಣ್ಣಿಗೂ ಮಾತ್ರೆಗೂ ಆರು ಗಂಟೆ ಅಂತರ ಕೊಟ್ಟರೆ ಆಗದೇ ಎಂದು ಕೇಳಬೇಡಿ, ಈ ಪ್ರಭಾವ ಎರಡು ಮೂರು ದಿನವೂ ಉಳಿಯಬಹುದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಕೊಡುವ ಅಮೃತಬಳ್ಳಿ ಕಷಾಯವೂ ಬೇಡ. ಆ ಶಕ್ತಿಯನ್ನು ತಗ್ಗಿಸಲೆಂದೇ ಅಲ್ಲವೇ ಇಷ್ಟೊಂದು ಮಾತ್ರೆ ನುಂಗುತ್ತಿರುವುದು? ಕಿತ್ತಳೆಗೆ ಈ ತಕರಾರಿಲ್ಲ, ಚೆನ್ನಾಗಿ ತೊಳೆದ ಸೀಬೆಹಣ್ಣಿನ ಅರ್ಧ ಹೋಳಿಗೂ ಇಲ್ಲ. ಅದನ್ನು ಮಧ್ಯಾಹ್ನದ ಊಟದ ಜೊತೆ ಕೊಡದೆ ಬೆಳಗ್ಗೆ ಹನ್ನೊಂದಕ್ಕೆ ಕೊಡಿ.