ಲಸಿಕೆ ಬೇಡವೆಂದವರಿಂದ ದಂಡ ವಸೂಲು ಮಾಡಬಹುದೇ?

ಪ್ರಶ್ನೆ: ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಒಪ್ಪದ ನೌಕರರ ಮೇಲೆ ಕಂಪನಿ ಕ್ರಮ ಕೈಗೊಳ್ಳುವುದು, ಅವರ ಆರೋಗ್ಯ ವಿಮೆಯ ಕಂತನ್ನು ಏರಿಸುವುದು ಸರಿಯೇ?

ಉತ್ತರ: ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅಧಿಕಾರಗಳು ಹೆಣೆದುಕೊಂಡಿವೆ. ಕೆಲಸ ಕೊಟ್ಟವರು ನಿಬಂಧನೆ ಹಾಕುವುದು ಒಬ್ಬರಿಂದ ಉಳಿದವರಿಗೆ ಅಪಾಯ ತಗಲಬಾರದೆಂಬ ಕಾರಣಕ್ಕೆ. ವಿಮೆ ಕೊಡುವವರು ಹೆಚ್ಚು ಕಂತು ಕೇಳುವುದು ಚಿಕಿತ್ಸೆಯ ಖರ್ಚು ತಮ್ಮ ಮೇಲೆ ಬೀಳುತ್ತದೆಂಬ ಲೆಕ್ಕದಿಂದ. ಮೊದಲನೆಯದನ್ನು ಕೆಲವು ಕೆಲಸಗಳ ಮಟ್ಟಿಗೆ ನಾನು ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ.

ಈ ಎರಡು ಅಧಿಕಾರಗಳೂ ಒಂದೇ ಕೈಗೆ ಬಂದದ್ದನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಬಹುಪಾಲು ಕಂಪನಿಗಳು ನೌಕರರ ಆಸ್ಪತ್ರೆ ವೆಚ್ಚವನ್ನು ತಾವೇ ಭರಿಸುತ್ತವೆ. ಡೆಲ್ಟಾ ವಿಮಾನಯಾನ ಸಂಸ್ಥೆಯು 2021ರ ಆಗಸ್ಟ್‌ನಲ್ಲಿ, ಕೋವಿಡ್ ಲಸಿಕೆ ಪಡೆಯದೆ ತನ್ನ ಆರೋಗ್ಯ ಯೋಜನೆಯಲ್ಲಿರುವ ನೌಕರರು ನವೆಂಬರ್ 1ರಿಂದ ತಿಂಗಳಿಗೆ 200 ಡಾಲರ್ ಹೆಚ್ಚುವರಿಯಾಗಿ ತೆರಬೇಕೆಂದು ಪ್ರಕಟಿಸಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಒಬ್ಬ ನೌಕರನಿಗಾಗಿ ಸರಾಸರಿ 50,000 ಡಾಲರ್ ಖರ್ಚಾಗುತ್ತಿದೆ ಎಂಬುದು ಅದು ಮುಂದಿಟ್ಟ ಕಾರಣ. ಆರೋಗ್ಯ ಸ್ಥಿತಿಯನ್ನು ನೋಡಿ ಕಂತು ಏರಿಸುವುದನ್ನು 2010ರ ಆರೋಗ್ಯ ವಿಮಾ ಕಾಯ್ದೆ ಅಲ್ಲಿ ನಿಷೇಧಿಸಿದ್ದರೂ, ನೌಕರರ ಸ್ವಾಸ್ಥ್ಯ ಕಾರ್ಯಕ್ರಮದ ಹೆಸರಿನಲ್ಲಿ ವಿಮಾ ವೆಚ್ಚದ ಶೇ 30ರವರೆಗೆ ಇಂಥ ವ್ಯತ್ಯಾಸ ಮಾಡಲು ಅವಕಾಶವಿದೆ. ವೈದ್ಯಕೀಯ ಕಾರಣಕ್ಕೆ ಲಸಿಕೆ ಪಡೆಯಲಾಗದವರಿಗೆ ಬೇರೆ ದಾರಿ ಕೊಡಬೇಕೆಂಬುದು ಅದರ ಒಂದು ಷರತ್ತು.

ಕ್ರಮ ಫಲ ಕೊಡಲಿಲ್ಲವೆಂದು ಹೇಳಲಾಗದು. ಅಕ್ಟೋಬರ್ ಹೊತ್ತಿಗೆ ಆ ಸಂಸ್ಥೆಯ ಶೇ 90ರಷ್ಟು ನೌಕರರು ಲಸಿಕೆ ಪಡೆದಿದ್ದರು. ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ವಿಮಾನ ನಡೆಸುವ ಪೈಲಟ್‌ಗೆ 200 ಡಾಲರ್ ಎಂಬುದು ಗಮನಕ್ಕೂ ಬಾರದ ಮೊತ್ತ. ನಿಲ್ದಾಣದಲ್ಲಿ ಸಾಮಾನು ಹೊರುವವನಿಗೆ ಅದು ಮನೆ ಬಾಡಿಗೆಯ ಒಂದು ಪಾಲು. ಒಂದೇ ನಿರಾಕರಣೆಯನ್ನು ಒಬ್ಬ ಹಣ ಕೊಟ್ಟು ಉಳಿಸಿಕೊಳ್ಳಬಹುದು, ಇನ್ನೊಬ್ಬ ಹಣವಿಲ್ಲದ ಕಾರಣಕ್ಕೆ ಬಿಟ್ಟುಕೊಡಬೇಕು ಎಂದಾದರೆ, ಅದನ್ನು ಆರೋಗ್ಯ ನೀತಿಯೆಂದು ಹೇಗೆ ಕರೆಯುವುದು? ಅಲ್ಲದೆ, ಹಲವರ ಕಷ್ಟವನ್ನು ಹಲವರು ಹಂಚಿಕೊಳ್ಳುವುದೇ ವಿಮೆಯ ತಿರುಳು. ಯಾರ ಕಾಯಿಲೆ ಅವರವರ ತಪ್ಪಿನಿಂದ ಬಂತು ಎಂದು ಎಣಿಸಲು ಕುಳಿತರೆ ಲಸಿಕೆಯ ನಂತರ ಸಕ್ಕರೆ ಕಾಯಿಲೆಯವರ ಊಟದ ತಟ್ಟೆಯೂ ತಪಾಸಣೆಗೆ ಬರುತ್ತದೆ.

ಉದ್ಯೋಗದಾತರ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜನವರಿ 13ರಂದು ಕೊಟ್ಟ ಎರಡು ಆದೇಶಗಳನ್ನು ಒಟ್ಟಿಗೆ ಓದಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಲಸಿಕೆ, ಇಲ್ಲವೇ ವಾರಕ್ಕೊಮ್ಮೆ ಪರೀಕ್ಷೆ ಎಂಬ ಸರ್ಕಾರದ ನಿಯಮವನ್ನು ಅದು ತಡೆಹಿಡಿಯಿತು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿದ್ದನ್ನು ಉಳಿಸಿತು. ಕಾನೂನಿನ ಆಧಾರಗಳು ಬೇರೆಯಾದರೂ ನನಗೆ ಆ ಗೆರೆ ಸರಿಯಾದ ಜಾಗದಲ್ಲಿಯೇ ಬಿದ್ದಿದೆ ಎನಿಸುತ್ತದೆ: ಡಯಾಲಿಸಿಸ್‌ಗೆ ಬಂದು ಮಲಗಿದ ರೋಗಿ ತನ್ನ ನರ್ಸ್ ಯಾರಾಗಬೇಕೆಂದು ಆರಿಸಿಕೊಳ್ಳಲಾರ.

ನಮ್ಮಲ್ಲಿ ಸಾಮಾನ್ಯವಾಗಿ ನೌಕರರ ಗುಂಪು ವಿಮೆಯ ಕಂತನ್ನು ಕಂಪನಿಯೇ ಕಟ್ಟುವುದರಿಂದ ಡೆಲ್ಟಾದಂಥ ದಂಡ ಬೇರೂರಲಿಲ್ಲ. ನಿರ್ಬಂಧ ಬಂದದ್ದು ಪ್ರವೇಶದ ರೂಪದಲ್ಲಿ. ಒಮೈಕ್ರಾನ್ ಕಾಣಿಸಿಕೊಂಡ 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರವು ಎರಡು ಡೋಸ್ ಪಡೆದವರಿಗಷ್ಟೇ ಮಾಲ್, ಚಿತ್ರಮಂದಿರಗಳಿಗೆ ಪ್ರವೇಶ ಎಂದಿತ್ತು. 2022ರ ಮೇ 2ರಂದು ಲಸಿಕೆ ಕಡ್ಡಾಯವನ್ನು ಪ್ರಶ್ನಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಪ್ರಕಾರ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದೂ, ಸಮುದಾಯದ ಆರೋಗ್ಯಕ್ಕಾಗಿ ಹೇರುವ ನಿರ್ಬಂಧ ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕೆಂದೂ ಹೇಳಿತು. ಲಸಿಕೆ ಪಡೆಯದವರಿಂದಲೇ ಸೋಂಕು ಹೆಚ್ಚು ಹರಡುತ್ತದೆ ಎಂಬುದಕ್ಕೆ ಸಾಕಷ್ಟು ಮಾಹಿತಿಯನ್ನು ಸರ್ಕಾರಗಳು ಒದಗಿಸಿಲ್ಲವೆಂದು ಗಮನಿಸಿ, ಖಾಸಗಿ ಸಂಸ್ಥೆಗಳೂ ತಮ್ಮ ನಿರ್ಬಂಧಗಳನ್ನು ಮರುಪರಿಶೀಲಿಸಬೇಕೆಂದು ಸೂಚಿಸಿತು.

ಆದ್ದರಿಂದ ನಿಮ್ಮ ಕಂಪನಿ ಇಂಥ ನಿಯಮ ತಂದರೆ ಎರಡು ವಿಷಯ ಕೇಳಿ: ನನ್ನ ಕೆಲಸದಿಂದ ಯಾರಿಗೆ ಅಪಾಯ, ಮತ್ತು ಈ ನಿಯಮ ಎಂದು ಕೊನೆಯಾಗುತ್ತದೆ? ಡೆಲ್ಟಾ ತನ್ನ ದಂಡವನ್ನು 2022ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. ನೀವೇ ಮಾಲೀಕರಾಗಿದ್ದರೆ, ಸಂಬಳ ಕಡಿತದ ಆದೇಶಕ್ಕೆ ಸಹಿ ಹಾಕುವ ಮೊದಲು ನಿಮ್ಮ ದಿನಗೂಲಿ ನೌಕರರು ಲಸಿಕೆಯ ಮರುದಿನ ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಅವರಿಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಿ.